ಮಕ್ಕಳ ಗೊರಕೆಯನ್ನು ಕಡೆಗಣಿಸದಿರಿ: ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ

ರಾತ್ರಿ ಮಗು ಗೊರಕೆ ಹೊಡೆಯುತ್ತ ಮಲಗಿದ್ದರೆ ‘ಹಗಲೆಲ್ಲ ಆಡಿ ದಣಿದಿದೆ, ಒಳ್ಳೆಯ ನಿದ್ರೆ ಹತ್ತಿದೆ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದು ವಾಡಿಕೆ. ಅಜ್ಜನಿಗೂ ಗೊರಕೆ ಇತ್ತು, ಅಪ್ಪನಿಗೂ ಇದೆ, ಈಗ ಮಗುವಿಗೂ ಬಂದಿದೆ ಎಂದು ನಕ್ಕು ಸುಮ್ಮನಾಗುವವರೂ ಉಂಟು. ನೆಗಡಿಯಾದಾಗ ನಾಲ್ಕಾರು ದಿನ ಕೇಳಿಬಂದು ನಿಂತುಹೋಗುವ ಗೊರಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನೆಗಡಿಯಿಲ್ಲದ ದಿನಗಳಲ್ಲಿಯೂ ವಾರಕ್ಕೆ ಮೂರು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಗೊರಕೆ ಕೇಳಿಬರುತ್ತಿದ್ದರೆ, ನಡುನಡುವೆ ಸದ್ದು ತಟ್ಟನೆ ನಿಂತು ಮತ್ತೆ ದೊಡ್ಡ ಉಸಿರಿನೊಡನೆ ಆರಂಭವಾಗುತ್ತಿದ್ದರೆ, ಆ ಮಗುವಿನ ನಿದ್ರೆಯನ್ನು ವೈದ್ಯರು ಪರಿಶೀಲಿಸುವುದು ಅಗತ್ಯ.

ವೈದ್ಯಕೀಯ ಭಾಷೆಯಲ್ಲಿ ಈ ತೊಂದರೆಗೆ ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ’ ಎಂದು ಹೆಸರು. ನಿದ್ರೆಯಲ್ಲಿ ಶ್ವಾಸಮಾರ್ಗಕ್ಕೆ ತಡೆಯುಂಟಾಗಿ ಉಸಿರು ಕಟ್ಟುವುದು ಎಂದು ಇದರ ಅರ್ಥ. ‘ಆಪ್ನಿಯಾ’ ಎಂಬುದು ‘ಉಸಿರಿಲ್ಲದಿರುವುದು’ ಎಂಬರ್ಥದ ಗ್ರೀಕ್ ಮೂಲದ ಪದ. ನೂರು ಮಕ್ಕಳಲ್ಲಿ ಸುಮಾರು ಒಂದರಿಂದ ಐದು ಮಕ್ಕಳಿಗೆ ಈ ತೊಂದರೆ ಇರುತ್ತದೆ ಎಂಬುದು ವಿವಿಧ ದೇಶಗಳ ಅಧ್ಯಯನಗಳ ಅಂದಾಜು. ಗೊರಕೆ ಹೊಡೆಯುವ ಮಕ್ಕಳ ಸಂಖ್ಯೆ ಇದಕ್ಕಿಂತ ಹೆಚ್ಚು. ಅಂದರೆ ಗೊರಕೆಯಿರುವ ಮಕ್ಕಳೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ. ಆದರೆ ಕಾಯಿಲೆಯಿರುವ ಬಹುತೇಕ ಮಕ್ಕಳಲ್ಲಿ ಗೊರಕೆ ಇದ್ದೇ ಇರುತ್ತದೆ.

ಉಸಿರು ಕಟ್ಟುವುದು ಹೇಗೆ?

ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿನ ಭಾಗ ಮೆತ್ತನೆಯ ಕೊಳವೆಯಂತಿದೆ. ಅದನ್ನು ಸುತ್ತಲೂ ಹಿಡಿದು ನಿಲ್ಲಿಸುವ ಗಟ್ಟಿಯಾದ ಚೌಕಟ್ಟಿಲ್ಲ. ಎಚ್ಚರವಿದ್ದಾಗ ಅಲ್ಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ನಿದ್ರೆ ಬಂದಾಗ ಅವು ಸಡಿಲಗೊಳ್ಳುತ್ತವೆ. ದಾರಿ ಅಗಲವಾಗಿದ್ದರೆ ಇದರಿಂದ ತೊಂದರೆಯಿಲ್ಲ. ಮೊದಲೇ ಇಕ್ಕಟ್ಟಾಗಿದ್ದರೆ ಒಳಸೇರುವ ಗಾಳಿಯ ಸೆಳೆತಕ್ಕೆ ಮೆತ್ತನೆಯ ಭಾಗಗಳು ಅದುರಿ ಗೊರಕೆಯ ಸದ್ದು ಹುಟ್ಟುತ್ತದೆ. ಇಕ್ಕಟ್ಟು ಇನ್ನೂ ಹೆಚ್ಚಾದರೆ ಗಾಳಿಯ ಹರಿವು ಕುಗ್ಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅಪಾಯವನ್ನು ಗ್ರಹಿಸಿದ ಮಿದುಳು ಕ್ಷಣಕಾಲ ಎಚ್ಚರದತ್ತ ಹೊರಳಿ ಸ್ನಾಯುಗಳನ್ನು ಮತ್ತೆ ಬಿಗಿಗೊಳಿಸುತ್ತದೆ. ಮಗು ಹೊರಳಾಡಿ, ದೊಡ್ಡದಾಗಿ ಉಸಿರೆಳೆದು ಮತ್ತೆ ನಿದ್ರೆಗೆ ಜಾರುತ್ತದೆ. ಬೆಳಿಗ್ಗೆ ಇದಾವುದೂ ಅದಕ್ಕೆ ನೆನಪಿರುವುದಿಲ್ಲ. ತೀವ್ರ ಕಾಯಿಲೆಯಲ್ಲಿ ಈ ಚಕ್ರ ಒಂದು ಗಂಟೆಗೆ ಹತ್ತಕ್ಕೂ ಹೆಚ್ಚು ಬಾರಿ ಪುನರಾವರ್ತನೆಯಾಗುತ್ತದೆ.

ಕಾರಣಗಳು

ವಯಸ್ಕರಲ್ಲಿ ಈ ಕಾಯಿಲೆಗೆ ಬೊಜ್ಜು ಪ್ರಮುಖ ಕಾರಣವಾದರೆ, ಮಕ್ಕಳಲ್ಲಿ ಟಾನ್ಸಿಲ್ ಹಾಗೂ ಅಡಿನಾಯ್ಡ್‌ಗಳ ಊತವೇ ಮುಖ್ಯ ಕಾರಣ. ಟಾನ್ಸಿಲ್‌ಗಳು ಬಾಯಿ ತೆರೆದರೆ ಗಂಟಲಿನ ಎರಡು ಬದಿಗಳಲ್ಲಿ ಕಾಣುತ್ತವೆ. ಅಡಿನಾಯ್ಡ್ ಮೂಗಿನ ಹಿಂದೆ, ಅಂಗುಳದ ಮೇಲ್ಭಾಗದಲ್ಲಿ ಅಡಗಿರುವುದರಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಎರಡು ವರ್ಷದಿಂದ ಎಂಟು ವರ್ಷದವರೆಗಿನ ಅವಧಿಯಲ್ಲಿ ಶ್ವಾಸಮಾರ್ಗದ ಅಳತೆಗೆ ಹೋಲಿಸಿದರೆ ಈ ಅಂಗಾಂಶಗಳು ಹೆಚ್ಚು ದೊಡ್ಡದಾಗಿರುತ್ತವೆ. ಕಾಯಿಲೆಯೂ ಈ ವಯಸ್ಸಿನಲ್ಲಿಯೇ ಹೆಚ್ಚು.

ಬೊಜ್ಜಿರುವ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಅಲರ್ಜಿಯಿಂದ ಸದಾ ಮೂಗು ಕಟ್ಟಿರುವುದು, ಚಿಕ್ಕದಾದ ಅಥವಾ ಹಿಂದೆ ಸರಿದ ಕೆಳದವಡೆ, ಇಕ್ಕಟ್ಟಾದ ಅಂಗುಳ, ಸ್ನಾಯುಗಳ ದೌರ್ಬಲ್ಯ, ಅವಧಿಗೆ ಮುನ್ನ ಜನನ ಇವೂ ಕಾರಣಗಳ ಪಟ್ಟಿಯಲ್ಲಿವೆ. ಮನೆಯೊಳಗಿನ ಬೀಡಿ, ಸಿಗರೇಟ್ ಹೊಗೆಗೂ ಮಕ್ಕಳ ಗೊರಕೆಗೂ ಇರುವ ಸಂಬಂಧವನ್ನು ಅನೇಕ ಅಧ್ಯಯನಗಳು ಗುರುತಿಸಿವೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಕಂಡುಬರುತ್ತದೆ. ಗೊರಕೆ ಇರಲಿ, ಇಲ್ಲದಿರಲಿ, ನಾಲ್ಕು ವರ್ಷ ತುಂಬುವುದರೊಳಗೆ ಅಂತಹ ಮಕ್ಕಳಿಗೆ ನಿದ್ರೆಯ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿದೆ.

ರಾತ್ರಿ ಗಮನಿಸಬೇಕಾದ ಲಕ್ಷಣಗಳು

ಈ ಕಾಯಿಲೆಯ ಮೊದಲ ಸುಳಿವು ದೊರೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯ ಹಾಸಿಗೆಯಲ್ಲಿ. ಮಗುವಿನ ಪಕ್ಕದಲ್ಲಿ ಮಲಗುವ ತಾಯಿ, ತಂದೆ ಅಥವಾ ಅಜ್ಜಿ ಹೇಳುವ ಮಾತಿಗೆ ಆದುದರಿಂದಲೇ ಬಹಳ ಬೆಲೆಯಿದೆ. ಅವರು ಗಮನಿಸಬೇಕಾದುದು ಇವನ್ನು:

- ಮುಚ್ಚಿದ ಬಾಗಿಲಿನಾಚೆಗೂ ಕೇಳಿಸುವಂತಹ ಗೊರಕೆ
- ಗೊರಕೆಯ ನಡುವೆ ಸದ್ದಡಗಿ, ಬಳಿಕ ಏದುಸಿರು ಅಥವಾ ಕೆಮ್ಮಿನೊಡನೆ ಉಸಿರು ಮರಳುವುದು
- ಎದೆ ಒಳಸೆಳೆದು ಹೊಟ್ಟೆ ಉಬ್ಬುತ್ತ, ಎದೆಯೂ ಹೊಟ್ಟೆಯೂ ಒಂದಕ್ಕೊಂದು ವಿರುದ್ಧವಾಗಿ ಚಲಿಸುವುದು
- ಬಾಯಿ ತೆರೆದೇ ಮಲಗುವುದು, ಕತ್ತನ್ನು ಹಿಂದಕ್ಕೆ ಚಾಚಿ ಅಥವಾ ಒರಗಿ ಕುಳಿತು ನಿದ್ರಿಸುವುದು
- ಸೆಕೆಯಿಲ್ಲದಿದ್ದರೂ ವಿಪರೀತ ಬೆವರು, ರಾತ್ರಿಯಿಡೀ ಹೊರಳಾಟ
- ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದು

ಇಲ್ಲೊಂದು ವಿಚಾರ ಗಮನಾರ್ಹ. ಕನಸುಗಳು ಹೆಚ್ಚಾಗಿ ಬೀಳುವ, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರೆಯ ಹಂತದಲ್ಲಿ ಸ್ನಾಯುಗಳು ಅತ್ಯಂತ ಸಡಿಲವಾಗಿರುತ್ತವೆ. ಮಕ್ಕಳಲ್ಲಿ ಉಸಿರು ಕಟ್ಟುವುದು ಹೆಚ್ಚಾಗಿ ಈ ಹಂತದಲ್ಲಿ. ಈ ಹಂತದ ಬಹುಪಾಲು ರಾತ್ರಿಯ ಕೊನೆಯ ಭಾಗದಲ್ಲಿ ಬರುತ್ತದೆ. ಮಗು ಮಲಗಿದ ಅರ್ಧ ಗಂಟೆಗೆ ಇಣುಕಿ ನೋಡಿ ‘ಏನೂ ಇಲ್ಲ’ ಎಂದು ನಿಶ್ಚಿಂತರಾದರೆ ಸಾಲದು; ಒಂದೆರಡು ದಿನ ಬೆಳಗಿನ ಜಾವ ಮೂರರಿಂದ ಐದು ಗಂಟೆಯ ನಡುವೆಯೂ ಕಿವಿಗೊಡಬೇಕು.

ಹಗಲಿನಲ್ಲಿ ಬೇರೆಯೇ ವೇಷ

ರಾತ್ರಿ ನಿದ್ರೆ ಕೆಟ್ಟರೆ ವಯಸ್ಕರು ಹಗಲಿನಲ್ಲಿ ತೂಕಡಿಸುತ್ತಾರೆ. ಮಕ್ಕಳು ಹಾಗೆ ಮಾಡುವುದು ಕಡಿಮೆ. ಬದಲಿಗೆ ಒಂದೆಡೆ ಕೂರಲಾರದ ಚಡಪಡಿಕೆ, ಸಣ್ಣದಕ್ಕೂ ರಂಪ, ಪಾಠದಲ್ಲಿ ಲಕ್ಷ್ಯವಿಲ್ಲದಿರುವುದು ಕಾಣಿಸಿಕೊಳ್ಳುತ್ತದೆ. ಹೀಗಾಗಿ ನಿದ್ರೆಯ ಕೊರತೆಯಿಂದ ಬಳಲುವ ಮಗು ತುಂಟ, ಹಟಮಾರಿ ಅಥವಾ ದಡ್ಡ ಎಂಬ ಹೆಸರು ಹೊತ್ತುಕೊಳ್ಳುವ ಸಾಧ್ಯತೆಯಿದೆ. ಚಟುವಟಿಕೆ ಮಿತಿಮೀರಿದ, ಗಮನ ಕೊರತೆಯ ಮಕ್ಕಳನ್ನು ಪರೀಕ್ಷಿಸುವ ವೈದ್ಯರು ಮೊದಲು ಗೊರಕೆಯ ಬಗ್ಗೆ ವಿಚಾರಿಸುವುದು ಈ ಕಾರಣಕ್ಕೆ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಗದರಿಸಿಕೊಳ್ಳುವ ಮಗುವಿನ ಸ್ಥಿತಿಯೂ ಹೀಗೆಯೇ ಇರಬಹುದು. ಅದು ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ.

ಬೆಳಿಗ್ಗೆ ಎದ್ದಾಗ ತಲೆನೋವು, ಬಾಯಿ ಒಣಗುವುದು, ಎಷ್ಟು ಎಬ್ಬಿಸಿದರೂ ಏಳದಿರುವುದು, ಮೂಗಿನಲ್ಲಿ ಮಾತನಾಡಿದಂತೆ ಕೇಳುವ ಧ್ವನಿ ಇವೂ ಸೂಚನೆಗಳೇ. ಚಿಕ್ಕ ಮಕ್ಕಳಲ್ಲಿ ತೂಕ ಏರದಿರಬಹುದು. ರಾತ್ರಿಯಿಡೀ ಉಸಿರಾಟಕ್ಕಾಗಿಯೇ ಹೆಚ್ಚು ಶಕ್ತಿ ವ್ಯಯವಾಗುವುದು ಇದಕ್ಕೆ ಒಂದು ಕಾರಣ. ಗಾಢ ನಿದ್ರೆಯಲ್ಲಿ ಸ್ರವಿಸುವ ಬೆಳವಣಿಗೆಯ ಹಾರ್ಮೋನಿಗೆ ಅಡ್ಡಿಯಾಗುವುದು ಮತ್ತೊಂದು. ತೀವ್ರ ಕಾಯಿಲೆಯನ್ನು ಬಹುಕಾಲ ಹಾಗೆಯೇ ಬಿಟ್ಟರೆ ರಕ್ತದೊತ್ತಡ ಏರುತ್ತದೆ. ವಿರಳವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ಹೃದಯದ ಬಲಭಾಗ ದಣಿಯುತ್ತದೆ.

ಒಂದೂವರೆ ಶತಮಾನದ ಅರಿವು

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಅಡಿನಾಯ್ಡ್ ಬೆಳವಣಿಗೆಯಿಂದಾಗುವ ತೊಂದರೆಗಳನ್ನು ವಿವರಿಸಿದರು. 1892ರಲ್ಲಿ ಪ್ರಕಟವಾದ ವಿಲಿಯಂ ಆಸ್ಲರ್ ಅವರ ಪ್ರಸಿದ್ಧ ವೈದ್ಯಕೀಯ ಗ್ರಂಥದಲ್ಲಿ, ಟಾನ್ಸಿಲ್ ದಪ್ಪಗಾಗಿ ಬಾಯಿಯಿಂದ ಉಸಿರಾಡುವ ಮಕ್ಕಳ ಕೆಟ್ಟ ನಿದ್ರೆ ಹಾಗೂ ಮಂಕುತನದ ವರ್ಣನೆಯಿದೆ. ಆದರೆ ನಿದ್ರೆಯನ್ನು ರಾತ್ರಿಯಿಡೀ ಅಳೆಯುವ ಉಪಕರಣಗಳು ಬರುವವರೆಗೆ ಈ ಅರಿವು ಮುಂದುವರಿಯಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಗಿಲ್ಲೆಮಿನೋ ಮತ್ತು ಸಂಗಡಿಗರು 1976ರಲ್ಲಿ ಎಂಟು ಮಕ್ಕಳ ಅಧ್ಯಯನ ಪ್ರಕಟಿಸಿದ ಬಳಿಕವೇ ಮಕ್ಕಳ ಆಪ್ನಿಯಾ ಪ್ರತ್ಯೇಕ ಕಾಯಿಲೆಯಾಗಿ ಮನ್ನಣೆ ಪಡೆಯಿತು.

ಶಾಲೆಯ ಕಲಿಕೆಯೊಂದಿಗೆ ಇದರ ನಂಟನ್ನು ಎತ್ತಿ ತೋರಿದ್ದು ಡೇವಿಡ್ ಗೋಜಾಲ್ ಅವರ 1998ರ ಅಧ್ಯಯನ. ಅಮೆರಿಕದಲ್ಲಿ ಒಂದನೆಯ ತರಗತಿಯಲ್ಲಿ ತೀರ ಹಿಂದುಳಿದಿದ್ದ 297 ಮಕ್ಕಳನ್ನು ಅವರು ಪರೀಕ್ಷಿಸಿದಾಗ, 54 ಮಕ್ಕಳಲ್ಲಿ ನಿದ್ರೆಯ ವೇಳೆ ಉಸಿರಾಟದ ತೊಂದರೆ ಪತ್ತೆಯಾಯಿತು. ಅವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 24 ಮಕ್ಕಳ ಅಂಕಗಳು ಮರುವರ್ಷ ಸುಧಾರಿಸಿದವು. ಚಿಕಿತ್ಸೆ ಪಡೆಯದವರ ಅಂಕಗಳಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ.

ಪತ್ತೆ ಹಚ್ಚುವ ಬಗೆ

ಟಾನ್ಸಿಲ್ ದೊಡ್ಡದಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ತೀವ್ರವಾಗಿದೆ ಎಂದಲ್ಲ. ಚಿಕ್ಕದಾಗಿ ಕಂಡರೆ ಕಾಯಿಲೆಯಿಲ್ಲ ಎಂದೂ ಅಲ್ಲ. ಲಕ್ಷಣಗಳನ್ನು ಕೇಳಿ, ಗಂಟಲು ನೋಡಿದ ಮಾತ್ರಕ್ಕೆ ಬರಿಯ ಗೊರಕೆಯನ್ನೂ ಆಪ್ನಿಯಾವನ್ನೂ ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕಿರುವ ಪ್ರಮಾಣಭೂತ ಪರೀಕ್ಷೆ ‘ಪಾಲಿಸೋಮ್ನೋಗ್ರಫಿ’, ಅಂದರೆ ರಾತ್ರಿಯಿಡೀ ನಡೆಯುವ ನಿದ್ರೆಯ ಅಧ್ಯಯನ.

ಇದರಲ್ಲಿ ಚುಚ್ಚುವುದು, ನೋವು ಮಾಡುವುದು ಏನೂ ಇಲ್ಲ. ತಲೆ, ಕಣ್ಣಿನ ಬದಿ ಮತ್ತು ಗಲ್ಲಕ್ಕೆ ಚಿಕ್ಕ ತಂತಿಗಳನ್ನು ಅಂಟಿಸಿ, ಎದೆ ಹೊಟ್ಟೆಗಳಿಗೆ ಪಟ್ಟಿ ಕಟ್ಟಿ, ಮೂಗಿನ ಬಳಿ ಗಾಳಿಯ ಹರಿವನ್ನೂ ಬೆರಳ ತುದಿಯಲ್ಲಿ ಆಮ್ಲಜನಕದ ಮಟ್ಟವನ್ನೂ ದಾಖಲಿಸುತ್ತಾರೆ. ತಾಯಿ ಅಥವಾ ತಂದೆ ಮಗುವಿನ ಜೊತೆಗೇ ಮಲಗಬಹುದು. ಗಂಟೆಗೆ ಎಷ್ಟು ಬಾರಿ ಉಸಿರು ಕಟ್ಟಿತು ಅಥವಾ ಕುಗ್ಗಿತು ಎಂಬ ಸಂಖ್ಯೆಯ ಮೇಲೆ ತೀವ್ರತೆಯನ್ನು ನಿರ್ಧರಿಸಲಾಗುತ್ತದೆ. ವಯಸ್ಕರಲ್ಲಿ ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಸಹಜ. ಮಕ್ಕಳಲ್ಲಿ ಒಂದನ್ನು ಮೀರಿದರೂ ಅಸಹಜ; ಐದರವರೆಗೆ ಸೌಮ್ಯ, ಐದರಿಂದ ಹತ್ತು ಮಧ್ಯಮ, ಹತ್ತಕ್ಕಿಂತ ಹೆಚ್ಚು ತೀವ್ರ. ಮಕ್ಕಳ ವರದಿಯನ್ನು ವಯಸ್ಕರ ಅಳತೆಗೋಲಿನಲ್ಲಿ ಓದಿದರೆ ಕಾಯಿಲೆ ಕಣ್ತಪ್ಪುತ್ತದೆ.

ನಿದ್ರಾ ಪ್ರಯೋಗಾಲಯಗಳಿರುವುದು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿ. ಪರೀಕ್ಷೆ ಲಭ್ಯವಿಲ್ಲದಲ್ಲಿ ರಾತ್ರಿಯಿಡೀ ಆಮ್ಲಜನಕದ ಮಟ್ಟವನ್ನು ದಾಖಲಿಸುವ ಆಕ್ಸಿಮೀಟರ್ ಅನ್ನು ವೈದ್ಯರು ಬಳಸುತ್ತಾರೆ. ಅದರಲ್ಲಿ ಮಟ್ಟ ಮತ್ತೆ ಮತ್ತೆ ಕುಸಿದಿದ್ದರೆ ಕಾಯಿಲೆಗೆ ಬಲವಾದ ಆಧಾರ ಸಿಕ್ಕಂತೆ. ಕುಸಿಯದಿದ್ದರೆ ಕಾಯಿಲೆಯಿಲ್ಲ ಎಂದು ಹೇಳಲಾಗದು. ಮಗು ಮಲಗಿರುವಾಗ ಮೊಬೈಲಿನಲ್ಲಿ ಒಂದೆರಡು ನಿಮಿಷದ ದೃಶ್ಯವನ್ನು ಧ್ವನಿಸಹಿತ ಚಿತ್ರಿಸಿ ವೈದ್ಯರಿಗೆ ತೋರಿಸುವುದು ಬಹಳ ಉಪಯುಕ್ತ. ಎದೆ, ಹೊಟ್ಟೆಗಳ ಚಲನೆ ಕಾಣುವಂತೆ ಹೊದಿಕೆ ಸರಿಸಿ ಚಿತ್ರಿಸಬೇಕು.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕೆ?

ಟಾನ್ಸಿಲ್ ಮತ್ತು ಅಡಿನಾಯ್ಡ್ ದೊಡ್ಡದಾಗಿದ್ದು ಆಪ್ನಿಯಾ ದೃಢಪಟ್ಟಿದ್ದರೆ, ಅವೆರಡನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಮೊದಲ ಆಯ್ಕೆ. ಇದರ ಫಲವನ್ನು ಅಳೆದ ಮಹತ್ವದ ಪ್ರಯೋಗ 2013ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಐದರಿಂದ ಒಂಬತ್ತು ವರ್ಷದ 464 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ, ಉಳಿದವರನ್ನು ವೈದ್ಯರ ನಿಗಾದಲ್ಲಿ ಕಾಯಿಸಲಾಯಿತು. ಏಳು ತಿಂಗಳ ನಂತರ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 79 ಮಂದಿಯ ನಿದ್ರೆಯ ಪರೀಕ್ಷೆ ಸಹಜವಾಗಿತ್ತು. ಕಾಯ್ದವರಲ್ಲಿಯೂ ಶೇ. 46 ಮಂದಿಯ ಪರೀಕ್ಷೆ ಸಹಜ ಸ್ಥಿತಿಗೆ ಮರಳಿತ್ತು.

ವರ್ತನೆ, ಲಕ್ಷಣಗಳು ಮತ್ತು ಜೀವನದ ಗುಣಮಟ್ಟ ಶಸ್ತ್ರಚಿಕಿತ್ಸೆಯಾದವರಲ್ಲಿ ಹೆಚ್ಚು ಸುಧಾರಿಸಿದವು. ಆದರೆ ಗಮನಶಕ್ತಿಯ ಪರೀಕ್ಷೆಯ ಅಂಕಗಳಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಗೊರಕೆಯಿದ್ದು ಉಸಿರಿನ ತಡೆ ಅತ್ಯಲ್ಪವಾಗಿದ್ದ 459 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದ ಫಲಿತಾಂಶವೂ ಇದೇ ಬಗೆಯದು: ಗಮನಶಕ್ತಿಯಲ್ಲಿ ವ್ಯತ್ಯಾಸವಿಲ್ಲ, ವರ್ತನೆ, ನಿದ್ರೆಯ ಲಕ್ಷಣಗಳು ಮತ್ತು ರಕ್ತದೊತ್ತಡದಲ್ಲಿ ಸುಧಾರಣೆ.

ಪಾಲಕರಿಗೆ ಇವುಗಳಿಂದ ದೊರೆಯುವ ತಿಳಿವಳಿಕೆ ಸ್ಪಷ್ಟ. ತೀವ್ರ ಕಾಯಿಲೆಯಲ್ಲಿ ತಡ ಮಾಡುವುದು ಸಲ್ಲದು. ಸೌಮ್ಯವಾಗಿದ್ದರೆ ನಿಗಾವಹಿಸಿ ಕೆಲವು ತಿಂಗಳು ಕಾಯುವುದೂ ಒಂದು ಚಿಕಿತ್ಸಾಕ್ರಮವೇ. ಆದರೆ ನಿಗದಿತ ದಿನಕ್ಕೆ ಮರುಪರೀಕ್ಷೆಗೆ ಹೋಗದಿದ್ದರೆ ಅದು ಕಡೆಗಣನೆಯಾಗುತ್ತದೆ. ಟಾನ್ಸಿಲ್ ತೆಗೆಸಿದೊಡನೆ ಮಗು ತರಗತಿಗೆ ಮೊದಲಿಗನಾಗುತ್ತದೆ ಎಂಬ ನಿರೀಕ್ಷೆಯೂ ಸರಿಯಲ್ಲ. ಮಗು ನೆಮ್ಮದಿಯಾಗಿ ಉಸಿರಾಡಿ ನಿದ್ರಿಸಬೇಕು ಎಂಬುದೇ ಚಿಕಿತ್ಸೆಯ ಗುರಿ.

ಶಸ್ತ್ರಚಿಕಿತ್ಸೆಯ ಬಳಿಕ

ಪೂರ್ಣ ಅರಿವಳಿಕೆಯಲ್ಲಿ ನಡೆಯುವ ಈ ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಕೆಗೆ ಒಂದರಿಂದ ಎರಡು ವಾರ ಬೇಕು. ಮೂರು ವರ್ಷದೊಳಗಿನವರು, ಬೊಜ್ಜಿರುವವರು, ಡೌನ್ ಸಿಂಡ್ರೋಮ್ ಇರುವವರು ಮತ್ತು ಕಾಯಿಲೆ ತೀವ್ರವಾಗಿದ್ದವರು ಆ ರಾತ್ರಿ ಆಸ್ಪತ್ರೆಯಲ್ಲಿ ನಿಗಾದಲ್ಲಿರುವುದು ಕ್ಷೇಮ. ಗಂಟಲು ನೋವಿಗೆ ಹೆದರಿ ಮಗು ನೀರು ಕುಡಿಯದಿರುವುದೇ ಮನೆಗೆ ಬಂದ ಮೇಲಿನ ದೊಡ್ಡ ತೊಡಕು. ತಣ್ಣನೆಯ ಪಾನೀಯ, ಗಂಜಿ, ಮೊಸರನ್ನದಂತಹ ಮೃದು ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕು. ಮೊದಲ 24 ಗಂಟೆಗಳಲ್ಲಿ ಅಥವಾ ಐದರಿಂದ ಹತ್ತನೆಯ ದಿನದ ನಡುವೆ ರಕ್ತಸ್ರಾವವಾಗುವ ಸಂಭವವಿದೆ. ಬಾಯಿಯಿಂದ ಕೆಂಪು ರಕ್ತ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನೋವಿನ ಔಷಧದಲ್ಲಿಯೂ ಎಚ್ಚರ ಅಗತ್ಯ. ಕೆಲವರ ದೇಹ ‘ಕೊಡೀನ್’ ಎಂಬ ಔಷಧವನ್ನು ಅತಿವೇಗವಾಗಿ ಮಾರ್ಫಿನ್ ಆಗಿ ಪರಿವರ್ತಿಸುತ್ತದೆ. ಉಸಿರಾಟ ಕುಂಠಿತವಾಗಿ ಮಕ್ಕಳು ಸಾವನ್ನಪ್ಪಿದ ಪ್ರಕರಣಗಳ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಮಕ್ಕಳಿಗೆ ಇದನ್ನು ಕೊಡಕೂಡದೆಂದು ಎಚ್ಚರಿಸಿತು. 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಬಳಕೆಯನ್ನೇ ನಿಷೇಧಿತವೆಂದು ಸೂಚಿಸಿತು. ಮನೆಯಲ್ಲಿ ಉಳಿದಿರುವ ಕೆಮ್ಮಿನ ಸಿರಪ್ಪನ್ನಾಗಲಿ, ನಿದ್ರೆ ತರಿಸುವ ಔಷಧವನ್ನಾಗಲಿ ಇಂತಹ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಎರಡು ಮೂರು ತಿಂಗಳ ನಂತರ ಮರುಪರೀಕ್ಷೆ ಮುಖ್ಯ. ಬೊಜ್ಜು, ದವಡೆಯ ರಚನೆಯ ದೋಷ ಅಥವಾ ಮೊದಲು ತೀವ್ರ ಕಾಯಿಲೆ ಇದ್ದ ಮಕ್ಕಳಲ್ಲಿ ತೊಂದರೆ ಉಳಿಯಬಹುದು.

ಇತರ ಚಿಕಿತ್ಸೆಗಳು

ಸೌಮ್ಯ ಕಾಯಿಲೆಗೆ ವೈದ್ಯರು ಕೆಲವು ವಾರಗಳ ಕಾಲ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಸೂಚಿಸುವುದುಂಟು. ಆಸ್ಟ್ರೇಲಿಯಾದಲ್ಲಿ 276 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರು ವಾರ ಸ್ಟೀರಾಯ್ಡ್ ಸ್ಪ್ರೇ ಬಳಸಿದವರಲ್ಲಿ ಶೇ. 44 ಮಂದಿಗೆ, ಬರಿಯ ಉಪ್ಪುನೀರಿನ ಸ್ಪ್ರೇ ಬಳಸಿದವರಲ್ಲಿ ಶೇ. 41 ಮಂದಿಗೆ ಲಕ್ಷಣಗಳು ನಿವಾರಣೆಯಾದವು. ಸರಳವಾದ ಉಪ್ಪುನೀರಿನ ಸ್ಪ್ರೇಯಿಂದಲೂ ಪ್ರಯೋಜನವಿರಬಹುದು ಎಂಬುದಕ್ಕೆ ಇದು ನಿದರ್ಶನ. ಮಾಂಟೆಲುಕಾಸ್ಟ್ ಮಾತ್ರೆಯೂ ಬಳಕೆಯಲ್ಲಿದೆ. ಆದರೆ ಕೆಲವರಲ್ಲಿ ಮಾನಸಿಕ ಏರುಪೇರು ಉಂಟಾಗಬಹುದೆಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಸೇರಿಸಿದೆ. ಮಗುವಿನ ನಡವಳಿಕೆ ಬದಲಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗೆ, ಇಲ್ಲವೇ ಅದರ ಬಳಿಕವೂ ಕಾಯಿಲೆ ಉಳಿದವರಿಗೆ ‘ಸಿಪ್ಯಾಪ್’ ಯಂತ್ರ ನೆರವಾಗುತ್ತದೆ. ಮುಖಕ್ಕೆ ಹಾಕಿದ ಮಾಸ್ಕ್ ಮೂಲಕ ನಿರಂತರ ಒತ್ತಡದಲ್ಲಿ ಗಾಳಿ ಹರಿಸಿ ಗಂಟಲನ್ನು ತೆರೆದಿಡುವ ಈ ವಿಧಾನವನ್ನು ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಮಗು ಬೆಳೆದಂತೆ ಮಾಸ್ಕಿನ ಅಳತೆಯನ್ನೂ ಬದಲಿಸುತ್ತಿರಬೇಕು. ಮೇಲ್ದವಡೆ ಕಿರಿದಾಗಿದ್ದರೆ ದಂತ ತಜ್ಞರು ಅದನ್ನು ಕ್ರಮೇಣ ಅಗಲಿಸುವ ಸಾಧನ ಅಳವಡಿಸುತ್ತಾರೆ. ಬೊಜ್ಜಿರುವ ಮಕ್ಕಳಲ್ಲಿ ತೂಕ ಇಳಿಸುವುದು ಚಿಕಿತ್ಸೆಯ ಅವಿಭಾಜ್ಯ ಅಂಗ.

ಪಾಲಕರು ಮಾಡಬೇಕಾದುದು

ಗೊರಕೆಯ ಬಗ್ಗೆ ವೈದ್ಯರು ಕೇಳಲಿ ಎಂದು ಕಾಯದೆ ಪಾಲಕರೇ ವಿಷಯ ತೆಗೆಯಬೇಕು. ಮೊದಲು ಮಕ್ಕಳ ತಜ್ಞರನ್ನೋ ಕಿವಿ, ಮೂಗು, ಗಂಟಲು ತಜ್ಞರನ್ನೋ ಕಂಡರೆ ಸಾಕು. ವಾರದಲ್ಲಿ ಎಷ್ಟು ರಾತ್ರಿ ಗೊರಕೆಯಿದೆ, ಉಸಿರು ನಿಂತಂತೆ ಕಾಣುತ್ತದೆಯೇ, ಹಾಸಿಗೆ ಒದ್ದೆಯಾಗುತ್ತದೆಯೇ, ಶಿಕ್ಷಕರು ಏನು ಹೇಳುತ್ತಾರೆ ಎಂಬುದನ್ನು ಎರಡು ವಾರ ಬರೆದಿಟ್ಟುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಗೆ ಬರುವ ಆರೋಗ್ಯ ತಂಡಕ್ಕೂ ಈ ವಿಷಯವನ್ನು ತಿಳಿಸಬಹುದು.

ಮನೆಯೊಳಗೆ ಧೂಮಪಾನ ಸಲ್ಲದು. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿಗಳ ಹೊಗೆ ತುಂಬದಂತೆ ನೋಡಿಕೊಳ್ಳಬೇಕು. ಮೂರರಿಂದ ಐದು ವರ್ಷದ ಮಗುವಿಗೆ ಹಗಲ ನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಇಷ್ಟು ಹೊತ್ತು ಮಲಗಿಯೂ ಬೆಳಿಗ್ಗೆ ದಣಿದೇ ಏಳುವ ಮಗುವಿನ ಉಸಿರನ್ನು ರಾತ್ರಿ ಒಮ್ಮೆ ಗಮನವಿಟ್ಟು ಆಲಿಸಬೇಕು.

ನಿದ್ರೆಯಲ್ಲಿ ತುಟಿ, ಉಗುರು ನೀಲಿಯಾಗುವುದು, ಉಸಿರು ದೀರ್ಘವಾಗಿ ನಿಲ್ಲುವುದು, ಎಬ್ಬಿಸಿದರೂ ಮಗು ಸರಿಯಾಗಿ ಎಚ್ಚರಗೊಳ್ಳದಿರುವುದು ತುರ್ತು ಚಿಹ್ನೆಗಳು. ಇಂತಹ ಸಂದರ್ಭದಲ್ಲಿ ಬೆಳಗಾಗುವವರೆಗೆ ಕಾಯದೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.